ಹಸಿಹಾಲಿನ ವಿಕ್ರಯವೂ ಅದರ ನಿಬಂಧನೆಯೂ

ಪರಮಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ, ಶ್ರೀಮಠದ ಮಹೋತ್ಸವಕ್ಕೆಂದು ನೆರೆದಿರುವ ಸದ್ಭಕ್ತರ ಮುಂದೆ ಹಾಲು ಮಾರುವ ಕಾಯಿದೆಯಂಥ ಲೌಕಿಕ ವಿಷಯವನ್ನು ಎತ್ತಿಕೊಳ್ಳುವುದು ಕೆಲವರಿಗೆ ಅಪ್ರಸ್ತುತವಾಗಿ ತೋರಬಹುದು. ಆದರೆ ಈ ಸಭೆಯಲ್ಲಿ ಆಕಳು ಎಮ್ಮೆಗಳನ್ನು ಸಾಕಿ ಅವುಗಳ ಹಾಲಿನಿಂದಲೇ ಸಂಸಾರವನ್ನು ತೂಗಿಸುವ ರೈತಬಂಧುಗಳಿದ್ದಾರೆ. ಆ ಹಾಲನ್ನು ವರ್ತನೆಗೆ ಹಾಕಿಸಿಕೊಂಡು ಮಕ್ಕಳಿಗೆ ಕುಡಿಸುವ ಪೇಟೆಯ ಗೃಹಸ್ಥರಿದ್ದಾರೆ. ದಾಸೋಹಕ್ಕೆಂದು ನಸುಕಿನಲ್ಲಿಯೇ ತಂಬಿಗೆ ತುಂಬ ಹಾಲನ್ನು ತಂದೊಪ್ಪಿಸುವ ತಾಯಂದಿರೂ ಇದ್ದಾರೆ. ಕೊಡುವವರೂ ಕೊಳ್ಳುವವರೂ ಒಂದೇ ಚಾವಣಿಯ ಕೆಳಗೆ ಕುಳಿತಿರುವಾಗ ಅವರಿಬ್ಬರ ನಡುವಣ ವ್ಯವಹಾರವನ್ನು ವಿಚಾರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಎಡೆ ದೊರೆಯುವುದು ದುರ್ಲಭ.

ವಿಚಾರಿಸತಕ್ಕ ಪ್ರಶ್ನೆಯು ಇಷ್ಟೆ: ರೈತನು ತನ್ನ ಕೊಟ್ಟಿಗೆಯಲ್ಲಿ ಕರೆದ ಹಾಲನ್ನು ಕಾಯಿಸದೆ, ಯಾವ ಡೇರಿಯ ಕೈಗೂ ಕೊಡದೆ, ಕುಡಿಯುವವನಿಗೆ ನೇರವಾಗಿ ಮಾರಬಹುದೆ? ಮಾರಬಹುದಾದರೆ ಸರ್ಕಾರವು ಅದಕ್ಕೆ ಎಂಥ ಕಟ್ಟುಗಳನ್ನು ವಿಧಿಸತಕ್ಕುದು?

ಮೇಲುನೋಟಕ್ಕೆ ಇದರಲ್ಲಿ ಪ್ರಶ್ನೆಯೇ ಇಲ್ಲವೆನ್ನಿಸುವುದು. ಹಾಲಿಗೆ ನೀರು ಬೀಳುವುದು ದಾರಿಯಲ್ಲಿ. ಕೈ ಬದಲಾದಷ್ಟೂ ಕಲಬೆರಕೆ ಹೆಚ್ಚು. ಆದುದರಿಂದ ಕರೆದವನೇ ಕುಡಿಯುವವನ ಪಾತ್ರೆಗೆ ಹೊಯ್ದರೆ ಅದಕ್ಕಿಂತ ಶುದ್ಧವಾದ ಹಾಲು ಮತ್ತೊಂದಿಲ್ಲವೆಂಬುದು ಲೋಕದ ನಂಬಿಕೆ. ಗವಳಿಗನು ಎಮ್ಮೆಯನ್ನು ಮನೆಯ ಬಾಗಿಲಿಗೇ ಹೊಡೆದುಕೊಂಡು ಬಂದು, ಮನೆಯೊಡತಿಯ ಕಣ್ಣೆದುರಿನಲ್ಲಿ ಕರೆದುಕೊಡುತ್ತಿದ್ದ ಹಿಂದಿನ ಪದ್ಧತಿಗೆ ಈ ನಂಬಿಕೆಯೇ ಬುಡ. ಗರಡಿಯ ಪೈಲವಾನರು ಕೆಚ್ಚಲಿನಿಂದ ಇಳಿದ ಬಿಸಿ ಆರುವುದಕ್ಕೆ ಮುಂಚೆಯೇ ನೊರೆಹಾಲನ್ನು ಗಟಗಟನೆ ಕುಡಿಯುತ್ತಿದ್ದುದೂ ಇದೇ ನಂಬಿಕೆಯಿಂದ. ನೀರಿನ ಮಟ್ಟಿಗೆ ಈ ನಂಬಿಕೆ ಸರಿಯಾದುದು. ರೋಗದ ಮಟ್ಟಿಗೆ ಅದು ಎಷ್ಟು ಸರಿ ಎಂಬುದನ್ನು ಮಾಲ್ಟಾ ದ್ವೀಪದ ವೃತ್ತಾಂತವು ತಿಳಿಸುವುದು. ಆ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮಾಲ್ಟಾ ಎಂಬುದು ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಚಿಕ್ಕ ದ್ವೀಪ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಇಂಗ್ಲಿಷರ ಅಧೀನದಲ್ಲಿದ್ದು, ಅವರ ದಂಡೂ ನೌಕಾಬಲವೂ ಅಲ್ಲಿ ಬೀಡುಬಿಟ್ಟಿದ್ದವು. ಆ ಸಿಪಾಯಿಗಳನ್ನು ಒಂದು ವಿಚಿತ್ರವಾದ ಜ್ವರ ಕಾಡುತ್ತಿದ್ದಿತು. ಅದು ಬರುವುದು, ಇಳಿಯುವುದು, ಮತ್ತೆ ಏರುವುದು. ರಾತ್ರಿಯೆಲ್ಲ ಬೆವರು, ಕೀಲುಕೀಲುಗಳಲ್ಲಿ ನೋವು. ತಿಂಗಳುಗಟ್ಟಲೆ ಹಾಸಿಗೆಯನ್ನು ಬಿಡದಂತೆ ಮಾಡಿ, ಕೆಲವರ ಪ್ರಾಣವನ್ನೂ ತೆಗೆಯುವುದು. ೧೮೮೭ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ಈ ಜ್ವರದಿಂದ ಮೃತರಾದವರ ಗುಲ್ಮದಲ್ಲಿ ರೋಗದ ಸೂಕ್ಷ್ಮಜಂತುವನ್ನು ಕಂಡುಹಿಡಿದನು. ಜಂತು ದೊರೆಯಿತು, ಆದರೆ ಅದು ಮನುಷ್ಯನ ದೇಹವನ್ನು ಯಾವ ಬಾಗಿಲಿನಿಂದ ಹೊಗುವುದೆಂಬುದು ಮಾತ್ರ ಮುಂದೆ ಹದಿನೆಂಟು ವರ್ಷಗಳ ಪರ್ಯಂತ ತಿಳಿಯಲಿಲ್ಲ.

ಆ ಕಾಲದ ಮಾಲ್ಟಾದಲ್ಲಿ ಹಾಲೆಂದರೆ ಮೇಕೆಯ ಹಾಲೇ. ಮೇಕೆಗಳ ಹಿಂಡನ್ನು ರಾಜಧಾನಿಯಾದ ವಾಲೆಟ್ಟಾದ ಬೀದಿಗಳಲ್ಲಿ ಹೊಡೆದುಕೊಂಡು ಹೋಗಿ, ಮೆಟ್ಟಿಲಿನ ಬಳಿ ನಿಲ್ಲಿಸಿ, ಕೊಳ್ಳುವವರ ಪಾತ್ರೆಗೇ ಕರೆದುಕೊಡುತ್ತಿದ್ದರು. ಇದಕ್ಕಿಂತ ನೇರವಾದ ವಿಕ್ರಯವನ್ನು ಊಹಿಸುವುದೂ ಸಾಧ್ಯವಿಲ್ಲ. ನೀರು ಬೆರೆಸಿದ ಸಂಶಯಕ್ಕೆ ಎಡೆಯಿಲ್ಲ. ತಡವಾಗಿ ಹುಳಿತುಹೋಗುವ ಭಯವಿಲ್ಲ. ಕರೆಯುವವನ ಮುಖ ಪರಿಚಿತ, ಮೇಕೆಯ ಮುಖವೂ ಪರಿಚಿತ. ೧೯೦೫ರಲ್ಲಿ ಥೆಮಿಸ್ಟೊಕ್ಲಿಸ್ ಜಮ್ಮಿತ್ ಎಂಬ ಆ ದ್ವೀಪದವನೇ ಆದ ವೈದ್ಯನು ಈ ಮೇಕೆಗಳ ರಕ್ತವನ್ನು ಪರೀಕ್ಷಿಸಿದಾಗ ಜ್ವರದ ಗುರುತು ಅಲ್ಲಿ ಕಂಡುಬಂದಿತು. ಅನಂತರ ಹಾಲಿನಲ್ಲಿ ಜಂತುವೇ ಸಿಕ್ಕಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಮೇಕೆಗಳಿಗೆ ಕಾಯಿಲೆಯ ಯಾವ ಲಕ್ಷಣವೂ ಇರಲಿಲ್ಲ. ಮೈ ನುಣುಪಾಗಿದ್ದಿತು, ಮೇವು ತಿನ್ನುತ್ತಿದ್ದವು, ಹಾಲು ಬೆಳ್ಳಗೆ ಕಮ್ಮಗೆ ಇದ್ದಿತು. ಅದೇ ವರ್ಷ ಅಮೆರಿಕದವರು ತಳಿಗೆಂದು ಕೊಂಡ ಮಾಲ್ಟಾದ ಮೇಕೆಗಳನ್ನು ಹೊತ್ತು ಹೊರಟ ಹಡಗಿನಲ್ಲಿ, ದಾರಿಯುದ್ದಕ್ಕೂ ಆ ಹಸಿಹಾಲನ್ನು ಯಥೇಚ್ಛವಾಗಿ ಕುಡಿದ ನಾವಿಕರಲ್ಲಿ ಅನೇಕರು ಜ್ವರದಿಂದ ಮಲಗಿದರು. ಬೇಕೆಂದು ಏರ್ಪಡಿಸಿದ ಪ್ರಯೋಗದಿಂದಲೂ ಇಷ್ಟು ಸ್ಪಷ್ಟವಾದ ಉತ್ತರವು ದೊರೆಯುತ್ತಿರಲಿಲ್ಲ.

೧೯೦೬ರಲ್ಲಿ ದಂಡಿನವರಿಗೆ ಮೇಕೆಯ ಹಾಲನ್ನು ಕೊಡುವುದನ್ನು ನಿಲ್ಲಿಸಿದರು. ಸಿಪಾಯಿಗಳಲ್ಲಿ ಜ್ವರವು ಬೇಗನೆ ಇಳಿದುಹೋಯಿತು. ಊರಿನವರ ಪಾಡು ಹಾಗಾಗಲಿಲ್ಲ. ಆಜ್ಞೆಯು ದಂಡಿಗೆ ಮಾತ್ರ ಸಂಬಂಧಿಸಿದ್ದುದರಿಂದಲೂ, ಮೇಕೆಯವರ ಜೀವನೋಪಾಯವನ್ನು ಕಿತ್ತುಕೊಳ್ಳಲು ಯಾರೂ ಮುಂದಾಗದಿದ್ದುದರಿಂದಲೂ, ಬಾಗಿಲಲ್ಲಿ ಕರೆದ ಹಾಲೇ ಲೇಸೆಂಬ ಜನರ ನಂಬಿಕೆಯು ಕದಲದಿದ್ದುದರಿಂದಲೂ ಜಮ್ಮಿತ್ತನ ಸ್ವಂತ ಜನರು ಇನ್ನೂ ದಶಕಗಳ ಕಾಲ ಆ ಜ್ವರವನ್ನು ಅನುಭವಿಸಿದರು. ಹಾಲನ್ನು ಹದವಾಗಿ ಕಾಯಿಸಿ ಹಂಚುವ ಕೇಂದ್ರವು ಆ ದ್ವೀಪದಲ್ಲಿ ತೆರೆದುದು ೧೯೩೮ರಲ್ಲಿ. ಅಷ್ಟರೊಳಗೆ ಜಮ್ಮಿತ್ತನು ಕಾಲವಾಗಿದ್ದನು. ಕಾರಣವು ತಿಳಿದ ಮೇಲೆಯೂ ಮೂವತ್ತಮೂರು ವರ್ಷ! ಕಾಯಿದೆಯು ಮನಸ್ಸು ಮಾಡುವುದಕ್ಕೆ ವಿಜ್ಞಾನಕ್ಕಿಂತ ಹೆಚ್ಚು ಕಾಲ ಹಿಡಿಯುವುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇದು ದೂರದ ದ್ವೀಪದ ಮೇಕೆಯ ಸುದ್ದಿಯೆಂದು ಇಲ್ಲಿಯ ರೈತರು ನಿಶ್ಚಿಂತರಾಗಿರುವಂತಿಲ್ಲ. ಗಬ್ಬವಾದ ಆಕಳು ಆರೇಳು ತಿಂಗಳು ಕಳೆದ ಮೇಲೆ ಕಂದು ಹಾಕುವುದುಂಟಷ್ಟೆ. ೧೮೯೭ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಎಂಬ ಪಂಡಿತನು ಆ ಕಂದುರೋಗದ ಜಂತುವನ್ನು ಕಂಡುಹಿಡಿದನು. ಅದಕ್ಕೂ ಮಾಲ್ಟಾದ ಜ್ವರಕ್ಕೂ ಸಂಬಂಧವಿರಬಹುದೆಂದು ಯಾರಿಗೂ ತೋರಲಿಲ್ಲ. ೧೯೧೮ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಎಂಬ ವಿದುಷಿಯು ಈ ಎರಡು ಜಂತುಗಳೂ ಒಂದೇ ಕುಲದವೆಂದು ತೋರಿಸಿ, ಹಸುವಿನ ಹಸಿಹಾಲಿನಿಂದಲೂ ಮನುಷ್ಯರಿಗೆ ಅಪಾಯವುಂಟೆಂದು ಎಚ್ಚರಿಸಿದಳು. ಹಾಲಿನ ವ್ಯಾಪಾರಿಗಳು ಒಪ್ಪಲಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೂ ಆಕೆಯ ಮಾತನ್ನು ಬಹುಕಾಲ ತಳ್ಳಿಹಾಕಿದರು. ೧೯೨೨ರಲ್ಲಿ ಆಕೆಗೇ ಪ್ರಯೋಗಶಾಲೆಯಲ್ಲಿ ಆ ರೋಗ ತಗಲಿತು. ಅನೇಕ ವರ್ಷಗಳ ಕಾಲ ಅದು ಆಕೆಯನ್ನು ಬಿಡಲಿಲ್ಲ. ಕಡೆಗೆ ಲೋಕವು ಆಕೆ ಹೇಳಿದುದನ್ನೇ ಒಪ್ಪಿತು. ಬ್ರೂಸನ ಹೆಸರಿನಿಂದ ಈ ಜಂತುಗಳಿಗೆ ಬ್ರುಸೆಲ್ಲಾ ಎಂದು ಹೆಸರಾಗಿದೆ. ಕರ್ನಾಟಕದ ಕೊಟ್ಟಿಗೆಗಳಲ್ಲಿ ಕಂದು ಹಾಕಿಸುವ ಜಂತುವೂ ಇದೇ ಕುಲದ್ದು.

ಕ್ಷಯರೋಗದ ಸಂಗತಿಯೂ ಹೀಗೆಯೇ. ೧೮೮೨ರಲ್ಲಿ ಕ್ಷಯದ ಜಂತುವನ್ನು ಕಂಡುಹಿಡಿದ ರಾಬರ್ಟ್ ಕಾಖ್ ಮಹಾಶಯನೇ ೧೯೦೧ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ನಿಂತು, ದನದ ಕ್ಷಯವು ಮನುಷ್ಯನಿಗೆ ಹತ್ತುವುದು ಅತ್ಯಪೂರ್ವವಾದುದರಿಂದ ಅದಕ್ಕಾಗಿ ವಿಶೇಷ ಕಟ್ಟುಗಳು ಬೇಕಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟನು. ಇಂಗ್ಲಿಷ್ ಸರ್ಕಾರವು ಅದನ್ನು ಹಾಗೆಯೇ ಒಪ್ಪಿಕೊಳ್ಳದೆ ಒಂದು ರಾಜನಿಯುಕ್ತ ಮಂಡಲಿಯನ್ನು ನೇಮಿಸಿತು. ೧೯೧೧ರ ಕಡೆಯ ವರದಿಯಲ್ಲಿ ಆ ಮಂಡಲಿಯು, ದನದ ಕ್ಷಯವು ಹಾಲಿನ ಮೂಲಕ ಮನುಷ್ಯರಿಗೆ, ಅದರಲ್ಲಿಯೂ ಮಕ್ಕಳಿಗೆ, ಹತ್ತುವುದು ದಿಟವೆಂದು ತೀರ್ಮಾನಿಸಿತು. ಎಂಥ ಮಹಾಪಂಡಿತನ ಮಾತನ್ನೂ ಪರೀಕ್ಷೆಗೆ ಒಡ್ಡಬೇಕೆಂಬ ಆ ಸರ್ಕಾರದ ಧೋರಣೆಯು ಮೆಚ್ಚತಕ್ಕುದು.

ಪರಿಹಾರಕ್ಕೆ ಆಗಲೇ ಎರಡು ದಾರಿಗಳು ತೆರೆದಿದ್ದವು. ಫ್ರಾನ್ಸಿನ ಲೂಯಿ ಪಾಶ್ಚರನು ದ್ರಾಕ್ಷಾರಸವು ಕೆಡದಂತೆ ಹದವಾಗಿ ಬಿಸಿಮಾಡುವ ಕ್ರಮವನ್ನು ೧೮೬೦ರ ದಶಕದಲ್ಲಿ ಕಂಡುಹಿಡಿದಿದ್ದನು. ಅದನ್ನು ಹಾಲಿಗೂ ಅನ್ವಯಿಸಿ, ಸೆಂಟಿಗ್ರೇಡ್ ೬೩ ಡಿಗ್ರಿಯಲ್ಲಿ ಅರ್ಧ ಗಂಟೆ, ಇಲ್ಲವೆ ೭೨ ಡಿಗ್ರಿಯಲ್ಲಿ ೧೫ ಸೆಕೆಂಡು ಇಟ್ಟು ಒಡನೆಯೇ ತಣಿಸುವುದು ಒಂದು ದಾರಿ. ಇದಕ್ಕೆ ಪಾಶ್ಚರೀಕರಣವೆಂದು ಹೆಸರು. ನ್ಯೂಯಾರ್ಕಿನ ವರ್ತಕನಾದ ನೇಥನ್ ಸ್ಟ್ರಾಸ್ ಎಂಬ ಉದಾರಿಯು ೧೮೯೩ರಲ್ಲಿ ಇಂಥ ಹಾಲಿನ ಕೇಂದ್ರಗಳನ್ನು ಬಡವರ ಮಕ್ಕಳಿಗಾಗಿ ತೆರೆದನು. ಹಾಲಿನ ಅರವಟ್ಟಿಗೆಯೆಂದರೆ ಸಲ್ಲುವುದು. ಅದೇ ೧೮೯೩ರಲ್ಲಿ ನೆರೆಯ ನ್ಯೂಜರ್ಸಿಯ ಹೆನ್ರಿ ಕಾಯ್ಟ್ ಎಂಬ ವೈದ್ಯನು ಮತ್ತೊಂದು ದಾರಿಯನ್ನು ಹಿಡಿದನು: ಹಾಲನ್ನು ಕಾಯಿಸುವುದು ಬೇಡ, ಕೊಟ್ಟಿಗೆಯನ್ನೇ ವೈದ್ಯರ ತನಿಖೆಗೆ ಒಳಪಡಿಸಿ, ನಿರೋಗಿಯಾದ ದನ, ತೊಳೆದ ಕೈ, ಶುಚಿಯಾದ ಪಾತ್ರೆ ಇವುಗಳಿಗೆ ಪ್ರಮಾಣಪತ್ರ ಕೊಡಬೇಕೆಂದು. ಒಂದು ಬೆಂಕಿಯ ದಾರಿ, ಇನ್ನೊಂದು ತನಿಖೆಯ ದಾರಿ. ಇಂದು ಲೋಕದಲ್ಲಿರುವ ಹಸಿಹಾಲಿನ ಕಾಯಿದೆಗಳೆಲ್ಲವೂ ಈ ಎರಡರಲ್ಲಿ ಒಂದನ್ನು ಇಲ್ಲವೆ ಎರಡನ್ನೂ ಕೂಡಿಸಿ ಹಿಡಿದವುಗಳೇ.

ಒಂದೇ ದೊರೆತನದ ಕೆಳಗಿರುವ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡುಗಳು ಈ ವಿಷಯದಲ್ಲಿ ಬೇರೆಬೇರೆಯಾಗಿ ನಡೆದಿರುವುದು ವಿಚಾರಪರರಿಗೆ ಒಳ್ಳೆಯ ಪಾಠ. ಸ್ಕಾಟ್ಲೆಂಡಿನಲ್ಲಿ ಹಸಿಹಾಲಿನಿಂದ ಮತ್ತೆ ಮತ್ತೆ ಕಾಯಿಲೆಗಳೂ ಸಾವುಗಳೂ ಒದಗಲು, ೧೯೮೩ರಲ್ಲಿ ಕಾಯಿಸದ ಹಸುವಿನ ಹಾಲಿನ ಮಾರಾಟವನ್ನೇ ನಿಷೇಧಿಸಿದರು. ಕೃಷಿಕ್ಷೇತ್ರದ ಕೂಲಿಗಳಿಗೆ ಸಂಬಳದ ಭಾಗವಾಗಿ ಕೊಡುತ್ತಿದ್ದ ಹಾಲು ಮಾತ್ರ ಆ ನಿಷೇಧದಿಂದ ಹೊರಗೆ ಉಳಿದಿದ್ದಿತು, ಮಾರಾಟವಲ್ಲವಲ್ಲ! ಕೆಲವು ವರ್ಷಗಳಲ್ಲಿಯೇ ಆ ತೂತನ್ನೂ ಮುಚ್ಚಬೇಕಾಯಿತು. ಕೊಳ್ಳುವವನ ಮಗುವಿಗೆ ಕಾವಲು ಬೇಕಾದರೆ ಕೂಲಿಯವನ ಮಗುವಿಗೂ ಬೇಕಷ್ಟೆ.

ಇಂಗ್ಲೆಂಡಿನವರು ನಿಷೇಧಿಸಲಿಲ್ಲ, ಕಟ್ಟು ಹಾಕಿದರು. ಅಲ್ಲಿ ಹಸುವಿನ ಹಸಿಹಾಲನ್ನು ಅಂಗಡಿಯಲ್ಲಿ ಇಟ್ಟು ಮಾರುವಂತಿಲ್ಲ. ನೋಂದಾಯಿಸಿಕೊಂಡ ರೈತನು ತನ್ನ ಕ್ಷೇತ್ರದ ಬಾಗಿಲಲ್ಲಿ, ರೈತರ ಸಂತೆಯಲ್ಲಿ, ಇಲ್ಲವೆ ಮನೆಮನೆಗೆ ಹಾಕುವ ವರ್ತನೆಯಲ್ಲಿ ಕುಡಿಯುವವನಿಗೇ ನೇರವಾಗಿ ಕೊಡಬೇಕು. ೨೦೧೧ರಲ್ಲಿ ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಹಸಿಹಾಲನ್ನು ಸುರಿಸುವ ಯಂತ್ರವನ್ನು ನಿಲ್ಲಿಸಿದಾಗ ಅಧಿಕಾರಿಗಳು ಆಕ್ಷೇಪಿಸಿದರು, ಮಾರಾಟವು ನಿಂತಿತು. ರೈತನಿಗೆ ಕಟ್ಟಳೆಗಳುಂಟು: ದನದ ಮಂದೆಯು ಕ್ಷಯದಿಂದಲೂ ಕಂದುರೋಗದಿಂದಲೂ ಮುಕ್ತವಾದುದೆಂದು ಸರ್ಕಾರದ ದಾಖಲೆಯಿರಬೇಕು, ಕೊಟ್ಟಿಗೆಯ ತನಿಖೆಗೆ ಒಪ್ಪಬೇಕು, ಹಾಲಿನ ಒಂದು ಮಿಲಿಲೀಟರಿನಲ್ಲಿ ಒಟ್ಟು ಜಂತುಗಳು ೨೦,೦೦೦ವನ್ನು ಮೀರಬಾರದು, ಸಗಣಿಯ ಸೋಂಕನ್ನು ಸೂಚಿಸುವ ಜಂತುಗಳು ೧೦೦ಕ್ಕಿಂತ ಕಡಿಮೆಯಿರಬೇಕು, ಈ ಹಾಲು ಕಾಯಿಸಿದುದಲ್ಲ, ಆರೋಗ್ಯಕ್ಕೆ ಹಾನಿಕರವಾದ ಜಂತುಗಳು ಇರಬಹುದು ಎಂದು ಸೀಸೆಯ ಮೇಲೆ ಬರೆದಿರಬೇಕು. ನೇರವಾಗಿಯೇ ಮಾರಬೇಕೆಂಬ ನಿಯಮದ ಮರ್ಮವು ವಿಶ್ವಾಸವಲ್ಲ. ಕಾಯಿಲೆ ಕಂಡಾಗ ಹಾಲು ಯಾವ ಕೊಟ್ಟಿಗೆಯಿಂದ ಬಂದಿತು, ಯಾರ ಯಾರ ಮನೆಗೆ ಹೋಯಿತು ಎಂಬುದನ್ನು ಅಂದೇ ಪತ್ತೆಹಚ್ಚಲು ಸಾಧ್ಯವಾಗಬೇಕೆಂಬುದೇ ಅದರ ಮರ್ಮ.

ಇಂಗ್ಲೆಂಡಿನ ಈ ವ್ಯವಸ್ಥೆಯು ಮೇಲುನೋಟಕ್ಕೆ ಬಹಳ ಉದಾರವಾಗಿ ಕಾಣುವುದು. ಆದರೆ ಅದರ ಹಿಂದೆ ನಿಂತಿರುವುದನ್ನೂ ನೋಡಬೇಕು. ಅಲ್ಲಿ ೧೯೫೦ರಿಂದ ದೇಶದ ಎಲ್ಲ ದನಗಳಿಗೂ ಕ್ಷಯದ ಪರೀಕ್ಷೆಯನ್ನು ಕಡ್ಡಾಯವಾಗಿ ನಡೆಸುತ್ತ ಬಂದು, ಸೋಂಕು ಕಂಡ ದನಗಳನ್ನು ಕೊಂದರು. ಇಂದಿಗೂ ಪರೀಕ್ಷೆಯಲ್ಲಿ ಸೋತ ಆಕಳಿಗೆ ಅಲ್ಲಿ ಅದೇ ಗತಿ. ರೈತನು ಹಸಿಹಾಲನ್ನು ಮಾರುವ ಸ್ವಾತಂತ್ರ್ಯದ ಬೆಲೆ ಅದು. ಭರತಖಂಡದಲ್ಲಿ ಹಾಗೆ ಮಾಡುವುದಿಲ್ಲ. ಮಾಡಲು ಇಲ್ಲಿಯ ಜನರ ಮನಸ್ಸು ಒಪ್ಪುವಂತೆಯೂ ಇಲ್ಲ. ಮುದಿಯಾದ, ರೋಗಿಯಾದ ಆಕಳನ್ನೂ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿ ಹುಲ್ಲು ಹಾಕುವ ಸಂಸಾರಗಳು ಈ ಸಭೆಯಲ್ಲಿಯೇ ಇವೆ. ಅದು ದಯೆಯ ಮಾತು; ಅದಕ್ಕೆ ಕುಂದಿಲ್ಲ. ಆದರೆ ಆ ದಯೆಯ ಭಾರವನ್ನು ಹೊರಬೇಕಾದುದು ಯಾವುದು? ಒಲೆಯ ಮೇಲಿನ ಹಾಲಿನ ಪಾತ್ರೆ. ಇಂಗ್ಲೆಂಡಿನಲ್ಲಿ ಪರೀಕ್ಷೆಯೂ ಕೊಲೆಯೂ ಮಾಡುವ ಕಾವಲನ್ನು ಇಲ್ಲಿ ಬೆಂಕಿಯೊಂದೇ ಮಾಡಬೇಕಾಗಿರುವುದು. ಆದುದರಿಂದ ಅಲ್ಲಿ ಹಸಿಹಾಲನ್ನು ಕುಡಿಯುತ್ತಾರೆಂದು ಇಲ್ಲಿಯೂ ಕುಡಿಯಹೊರಡುವವರು ಅಲ್ಲಿಯ ಸ್ವಾತಂತ್ರ್ಯವನ್ನು ಮಾತ್ರ ತಂದು ಅಲ್ಲಿಯ ಕಾವಲನ್ನು ಅಲ್ಲಿಯೇ ಬಿಟ್ಟು ಬಂದಂತೆ.

ಜರ್ಮನಿಯವರ ನಿಯಮವು ಈ ನಾಡಿನ ಮನೆವಾರ್ತೆಗೆ ಹೆಚ್ಚು ಹತ್ತಿರವಾದುದು. ಅಲ್ಲಿ ರೈತನು ಅಂದಿನ ಇಲ್ಲವೆ ಹಿಂದಿನ ದಿನದ ಹಾಲನ್ನು ಕೊಟ್ಟಿಗೆಯಲ್ಲಿಯೇ ಮಾರಬಹುದು. ಆದರೆ, ಇದು ಹಸಿಹಾಲು, ಕುಡಿಯುವ ಮುಂಚೆ ಕಾಯಿಸಿರಿ ಎಂಬ ಫಲಕವನ್ನು ಕಾಣುವಂತೆ ತೂಗುಹಾಕಬೇಕು. ನ್ಯೂಜಿಲೆಂಡಿನಲ್ಲಿ ೨೦೧೫ರಲ್ಲಿ ಮಾಡಿ ೨೦೧೬ರಿಂದ ಜಾರಿಗೆ ತಂದ ನಿಬಂಧನೆಗಳು ಮಾರುವವನು ನೋಂದಣಿ ಮಾಡಿಸಿ, ಹಾಲನ್ನು ಆಗಾಗ ಪರೀಕ್ಷೆ ಮಾಡಿಸಿ, ಕೊಳ್ಳುವವರ ಹೆಸರು ವಿಳಾಸಗಳನ್ನು ಬರೆದಿಡಬೇಕೆಂದು ವಿಧಿಸಿದವು. ವರ್ತನೆಯ ಲೆಕ್ಕದ ಪುಸ್ತಕವು ಅಲ್ಲಿ ಪ್ರಾಣರಕ್ಷಣೆಯ ಪುಸ್ತಕವೂ ಆಯಿತು.

ಕೆನಡದವರು ಹಸಿಹಾಲಿನ ಮಾರಾಟವನ್ನು ೧೯೯೧ರಲ್ಲಿ ದೇಶಾದ್ಯಂತ ನಿಷೇಧಿಸಿದರು. ಅಮೆರಿಕ ಸಂಯುಕ್ತಸಂಸ್ಥಾನಗಳಲ್ಲಿ ೧೯೮೭ರಿಂದ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವಂತಿಲ್ಲ. ಒಳಗಿನ ಮಾರಾಟವನ್ನು ಆಯಾ ಸಂಸ್ಥಾನವೇ ತೀರ್ಮಾನಿಸುವುದರಿಂದ ಒಂದೊಂದು ಕಡೆಯಲ್ಲಿ ಒಂದೊಂದು ರೀತಿ. ನಿಷೇಧವಿರುವೆಡೆ ಜನರು ಉಪಾಯಗಳನ್ನು ಹೂಡಿದ್ದಾರೆ. ಹಸುವಿನಲ್ಲಿ ಒಂದು ಪಾಲನ್ನು ಕೊಂಡಂತೆ ಪತ್ರಮಾಡಿಸಿ, ತನ್ನದೇ ಹಸುವಿನ ಹಾಲನ್ನು ತಾನು ಕುಡಿಯುತ್ತಿರುವೆನೆನ್ನುವುದು ಒಂದು ಉಪಾಯ. ನಾಯಿ ಬೆಕ್ಕುಗಳಿಗೆಂದು ಚೀಟಿ ಅಂಟಿಸಿ ಮನುಷ್ಯರಿಗೆ ಮಾರುವುದು ಇನ್ನೊಂದು. ಆಸ್ಟ್ರೇಲಿಯದ ವಿಕ್ಟೋರಿಯ ಸಂಸ್ಥಾನದಲ್ಲಿ ಮೈಗೆ ಹಚ್ಚಿಕೊಳ್ಳುವ ಸ್ನಾನದ ಹಾಲೆಂಬ ಹೆಸರಿನಿಂದ ಹಸಿಹಾಲು ಅಂಗಡಿಗಳಲ್ಲಿ ದೊರೆಯುತ್ತಿದ್ದಿತು. ಸೀಸೆ ಮಾತ್ರ ಕುಡಿಯುವ ಹಾಲಿನ ಸೀಸೆಯಂತೆಯೇ. ೨೦೧೪ರಲ್ಲಿ ಅದನ್ನು ಕುಡಿದ ಐದು ಮಂದಿ ಎಳೆಯ ಮಕ್ಕಳು ಕಾಯಿಲೆ ಬಿದ್ದರೆಂದೂ ಅವರಲ್ಲಿ ಒಂದು ಮಗು ತೀರಿಕೊಂಡಿತೆಂದೂ ಅಲ್ಲಿಯ ಆರೋಗ್ಯಾಧಿಕಾರಿಗಳು ಪ್ರಕಟಿಸಿದರು. ಮುಂದಿನ ವರ್ಷವೇ, ಅಂಥ ಹಾಲಿಗೆ ಯಾರೂ ಬಾಯಿಗಿಡಲಾಗದಂತೆ ಕಹಿಯನ್ನು ಬೆರೆಸಬೇಕೆಂದು ಸರ್ಕಾರವು ಆಜ್ಞಾಪಿಸಿತು. ಹಾಲಿಗೆ ಕಹಿ ಬೆರೆಸುವ ಕಾಯಿದೆ! ಬರಿಯ ನಿಷೇಧವು ಜನರ ಮನಸ್ಸನ್ನು ತಿದ್ದದೆ ವೇಷವನ್ನು ಮಾತ್ರ ಕಲಿಸಿದರೆ ಕೊನೆಗೆ ಇಂಥ ದಾರುಣವಾದ ನಿಯಮಕ್ಕೆ ಬರಬೇಕಾಗುವುದು.

ಅಮೆರಿಕದ ಹೊಸ ಸುದ್ದಿಯೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ೨೦೨೪ರ ಮಾರ್ಚಿಯಲ್ಲಿ ಟೆಕ್ಸಸ್ ಮತ್ತು ಕಾನ್ಸಸ್ ಸಂಸ್ಥಾನಗಳ ಹಸುಗಳಲ್ಲಿ ಹಕ್ಕಿಜ್ವರವು ಕಂಡುಬಂದಿತು. ಕೋಳಿಗಳ ರೋಗವು ಹಸುವಿನ ಕೆಚ್ಚಲನ್ನು ಸೇರೀತೆಂದು ಮುಂಚೆ ಯಾರೂ ನಿರೀಕ್ಷಿಸಿರಲಿಲ್ಲ. ರೋಗದ ವಿಷವು ಹಾಲಿನಲ್ಲಿ ಅಧಿಕವಾಗಿದ್ದಿತು. ಆ ಹಸಿಹಾಲನ್ನು ನೆಕ್ಕಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಪಾಶ್ಚರೀಕರಣದ ಶಾಖಕ್ಕೆ ಆ ವಿಷವು ನಿಲ್ಲಲಿಲ್ಲ. ನೆನ್ನೆಯವರೆಗೆ ಹೆಸರೇ ಇಲ್ಲದ ರೋಗಕ್ಕೂ ಬೆಂಕಿಯು ಇಂದು ಕಾವಲಾಯಿತೆಂಬುದೇ ಇದರಿಂದ ತಿಳಿಯತಕ್ಕುದು. ಪ್ರಮಾಣಪತ್ರವಾದರೋ ಗೊತ್ತಿರುವ ರೋಗಗಳಿಗೆ ಮಾತ್ರ ಕೊಡಲ್ಪಡುವುದು.

ಇನ್ನು ಈ ದೇಶದ ಮಾತು. ಯಾವ ಶಾಸನವೂ ವಿಧಿಸದಿದ್ದ ಕಾಲದಿಂದಲೂ ಇಲ್ಲಿಯ ಗೃಹಿಣಿಯು ಹಾಲನ್ನು ಕಾಯಿಸಿಯೇ ಬಳಸುತ್ತ ಬಂದಿದ್ದಾಳೆ. ಹೊಸ ಮನೆಗೆ ಒಕ್ಕಲಾಗುವಾಗ ಮೊದಲು ಹಾಲನ್ನು ಉಕ್ಕಿಸುವುದೇ ಸಂಪ್ರದಾಯ. ಹೆಪ್ಪು ಹಾಕುವುದು ಕಾಯಿಸಿದ ಹಾಲಿಗೆ. ಗಿಣ್ಣನ್ನೂ ಬೇಯಿಸಿಯೇ ತಿನ್ನುವುದು. ಈ ಒಂದು ಅಭ್ಯಾಸವು ಎಷ್ಟು ಮಕ್ಕಳನ್ನು ಉಳಿಸಿದೆಯೆಂಬುದಕ್ಕೆ ಲೆಕ್ಕವಿಲ್ಲ. ಆದುದರಿಂದಲೇ ಸರ್ಕಾರವು ಇಲ್ಲಿ ಹಸಿಹಾಲಿನ ನೇರ ಮಾರಾಟವನ್ನು ನಿಷೇಧಿಸುವ ಗೋಜಿಗೆ ಹೋಗಿಲ್ಲ. ೧೯೫೪ರ ಕಲಬೆರಕೆ ನಿವಾರಣೆಯ ಶಾಸನವು ಮುಖ್ಯವಾಗಿ ನೀರು ಮೊದಲಾದ ಬೆರಕೆಗಳನ್ನು ನೋಡಿಕೊಂಡಿತು. ಅದರ ಸ್ಥಾನದಲ್ಲಿ ೨೦೦೬ರ ಆಹಾರಸುರಕ್ಷತೆಯ ಶಾಸನವು ಬಂದಿತು. ಅದರ ಕೆಳಗೆ ೨೦೧೧ರಲ್ಲಿ ಮಾಡಿದ ನಿಬಂಧನೆಗಳ ಪ್ರಕಾರ ದಿನಕ್ಕೆ ೫೦೦ ಲೀಟರಿನವರೆಗೆ ಹಾಲನ್ನು ಕೂಡಿಸಿ ಮಾರುವ ಸಣ್ಣವರು ನೋಂದಣಿ ಮಾಡಿಸಬೇಕು, ಅದಕ್ಕೆ ಮೇಲ್ಪಟ್ಟವರು ಪರವಾನಗಿ ಪಡೆಯಬೇಕು. ತನ್ನ ಹಾಲನ್ನೆಲ್ಲ ಸಹಕಾರ ಸಂಘಕ್ಕೇ ಹಾಕುವ ಸದಸ್ಯನಾದ ರೈತನಿಗೆ ಈ ನೋಂದಣಿ ಬೇಕಿಲ್ಲವೆಂದೂ ಆ ನಿಬಂಧನೆಗಳು ಹೇಳುತ್ತವೆ. ಏಕೆಂದರೆ ಅವನ ಪರವಾಗಿ ಪರೀಕ್ಷಿಸುವ ಭಾರವನ್ನೂ ಕಾಯಿಸುವ ಭಾರವನ್ನೂ ಸಂಘವೂ ಡೇರಿಯೂ ಹೊರುತ್ತವೆ. ಕೊಡಗಿನ ಕೂಡಿಗೆಯಲ್ಲಿ ೧೯೫೫ರಲ್ಲಿಯೂ ಬೆಂಗಳೂರಿನಲ್ಲಿ ೧೯೬೫ರಲ್ಲಿಯೂ ಡೇರಿಗಳು ತೆರೆದಂದಿನಿಂದ ಕರ್ನಾಟಕದ ಹಳ್ಳಿಗಳ ಹಾಲು ಬರಬರುತ್ತ ಹೆಚ್ಚಾಗಿ ಈ ದಾರಿಯನ್ನೇ ಹಿಡಿದಿದೆ. ಸಂಘವನ್ನು ಬಿಟ್ಟು ಮನೆಮನೆಗೆ ವರ್ತನೆ ಹಾಕುವ ರೈತನು ಹೆಚ್ಚು ಬೆಲೆಯನ್ನು ಪಡೆಯುವನು, ನಿಜ. ಅದರೊಡನೆ ಡೇರಿಯು ಹೊರುತ್ತಿದ್ದ ಭಾರವನ್ನೂ ತಾನೇ ಹೊತ್ತುಕೊಂಡನೆಂಬುದನ್ನು ಅವನು ಬಹುಶಃ ಅರಿತಿರುವುದಿಲ್ಲ.

ಬೆಂಕಿಗೆ ಬಗ್ಗದ ದೋಷಗಳೂ ಕೆಲವುಂಟು. ಆಕಳಿಗೆ ಮದ್ದಿನ ಸೂಜಿ ಹಾಕಿಸಿದ ಮೇಲೆ ವೈದ್ಯನು ಹೇಳಿದಷ್ಟು ದಿನ ಕಾಯದೆ ಹಾಲನ್ನು ಮಾರಿದರೆ ಮದ್ದು ಹಾಲಿನಲ್ಲಿ ಇಳಿಯುವುದು. ಕಾಯಿಸಿದರೆ ಅದು ಪೂರ್ತಿಯಾಗಿ ಹೋಗುವುದೆಂದು ನಂಬುವಂತಿಲ್ಲ. ಹಿಂಡಿಯೋ ಜೋಳವೋ ಮುಗ್ಗಿ ಬೂಷ್ಟು ಹಿಡಿದಿದ್ದರೆ ಆ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಎಂಬುದು ಹಾಲಿಗೆ ಬರುವುದು. ಅದೂ ಕುದಿತಕ್ಕೆ ಅಳಿಯದು. ಭ್ರಾಂತಿಗೂ ವಸ್ತುಸ್ಥಿತಿಗೂ ಇರುವ ದೂರವನ್ನು ಒಂದು ಲೆಕ್ಕವು ತೋರಿಸುವುದು. ಕೇಂದ್ರದ ಆಹಾರಸುರಕ್ಷತಾ ಪ್ರಾಧಿಕಾರವು ೨೦೧೮ರಲ್ಲಿ ದೇಶದ ೧,೧೦೩ ಊರುಗಳಿಂದ ೬,೪೩೨ ಹಾಲಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿ, ಮರುವರ್ಷ ಫಲಿತವನ್ನು ಪ್ರಕಟಿಸಿತು. ಆರೋಗ್ಯಕ್ಕೆ ಅಪಾಯಕರವಾದ ಬೆರಕೆಯಿದ್ದ ಮಾದರಿಗಳು ಹನ್ನೆರಡೇ. ಬೂಷ್ಟಿನ ವಿಷವು ಮಿತಿಮೀರಿದ್ದ ಮಾದರಿಗಳು ೩೬೮. ಯೂರಿಯ ಸಾಬೂನುಗಳ ಸುದ್ದಿಯಿಂದ ಹೆದರುವ ಜನರು ಹಿಂಡಿಯ ಚೀಲವು ನೆಲದ ತೇವಕ್ಕೆ ಮುಗ್ಗುತ್ತಿರುವುದನ್ನು ನೋಡುವುದಿಲ್ಲ. ಈ ವಿಷಯದಲ್ಲಿ ನಿಬಂಧನೆಯು ನಿಲ್ಲಬೇಕಾದುದು ಬೀದಿಯ ಕೊನೆಯಲ್ಲಲ್ಲ, ಕೊಟ್ಟಿಗೆಯ ಅಟ್ಟದಲ್ಲಿ.

ಹೀಗಿರಲು ಇತ್ತೀಚೆಗೆ ದೊಡ್ಡ ಪೇಟೆಗಳಲ್ಲಿ ಬೇರೊಂದು ಮಾತು ಕೇಳಿಬರುತ್ತಿದೆ. ಕಾಯಿಸಿದರೆ ಹಾಲಿನ ಸತ್ತ್ವವು ಹೋಗುವುದು, ನಾಟಿ ಹಸುವಿನ ಹಾಲನ್ನು ಹಸಿಯಾಗಿಯೇ ಕುಡಿಯುವುದು ಪ್ರಕೃತಿಧರ್ಮ ಎಂಬುದೇ ಆ ಮಾತು. ಅಲ್ಲಗಳೆಯುವ ಮುಂಚೆ ಅದರಲ್ಲಿರುವ ಸತ್ಯಾಂಶವನ್ನು ಎತ್ತಿಹೇಳುವುದು ನ್ಯಾಯ. ಶಾಖದಿಂದ ಕೆಲವು ಜೀವಸತ್ತ್ವಗಳು ಕಡಿಮೆಯಾಗುವುವು; ಆದರೆ ಸುಣ್ಣದ ಅಂಶವೂ ಮಾಂಸಪೋಷಕವಾದ ಅಂಶವೂ ಉಳಿಯುವುವು, ಹೋಗುವ ಸಿ ಜೀವಸತ್ತ್ವಕ್ಕೆ ಹಾಲು ಮೊದಲೇ ಆಸರೆಯಲ್ಲ; ಒಂದು ನಿಂಬೆಯ ಹಣ್ಣು ಸಾಕು. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳ ಹಳ್ಳಿಗಾಡಿನ ಮಕ್ಕಳನ್ನು ಪರೀಕ್ಷಿಸಿದ ವಿದ್ವಾಂಸರು, ಹಸಿಹಾಲನ್ನು ಕುಡಿಯುವ ಮಕ್ಕಳಲ್ಲಿ ಉಬ್ಬಸವು ಕಡಿಮೆಯೆಂದು ೨೦೧೧ರಲ್ಲಿ ಪ್ರಕಟಿಸಿದುದೂ ಉಂಟು. ಆದರೆ ಆ ವಿದ್ವಾಂಸರೇ, ರೋಗಜಂತುಗಳ ಭಯವಿರುವುದರಿಂದ ಹಸಿಹಾಲನ್ನು ಕುಡಿಯಿರೆಂದು ಹೇಳಲಾಗದೆಂದು ಅದೇ ಬರಹದಲ್ಲಿ ತಿಳಿಸಿದ್ದಾರೆ. ನಾಟಿ ಹಸುವಿಗೆ ಕಂದುರೋಗವು ಬಾರದೆಂಬ ನಂಬಿಕೆಗೂ ಆಧಾರವಿಲ್ಲ. ದನಗಳ ಕರುಳಿನಲ್ಲಿ ಅವುಗಳಿಗೆ ಏನೂ ಮಾಡದೆ ಬದುಕುವ ಒಂದು ಬಗೆಯ ಜಂತುವು ೧೯೮೨ರಲ್ಲಿ ವೈದ್ಯರ ಗಮನಕ್ಕೆ ಬಂದಿತು. ಸಗಣಿಯ ಒಂದು ಕಣದೊಡನೆ ಅದು ಹಾಲನ್ನು ಸೇರಿದರೆ ಎಳೆಯ ಮಗುವಿಗೆ ರಕ್ತಭೇದಿಯಾಗಿ ಮೂತ್ರಪಿಂಡಗಳೇ ಕೆಡಬಹುದು. ಪೈಲವಾನನು ಜೀರ್ಣಿಸಿಕೊಂಡಾನು, ಎರಡು ವರ್ಷದ ಕೂಸು, ಬಸುರಿ, ಮುದುಕ ಇವರ ಪಾಡು ಬೇರೆ. ಒಂದೇ ಪಾತ್ರೆಯ ಹಾಲನ್ನು ಮನೆಯಲ್ಲಿ ಕುಡಿಯುವವರು ಇವರೆಲ್ಲರೂ.

ಆದುದರಿಂದ ಈ ನಾಡಿಗೆ ತಕ್ಕ ನಿಬಂಧನೆಯು ಸ್ಕಾಟ್ಲೆಂಡಿನ ನಿಷೇಧವಲ್ಲ. ಸಾವಿರಾರು ಬಡಸಂಸಾರಗಳು ಒಂದೆರಡು ಹಸುಗಳ ಹಾಲನ್ನು ನೆರೆಯವರಿಗೆ ಮಾರಿಯೇ ಮಕ್ಕಳ ಶಾಲೆಯ ಶುಲ್ಕವನ್ನು ತೆರುತ್ತಿರುವಾಗ ಅದು ಅನ್ಯಾಯವಾದೀತು. ಇಂಗ್ಲೆಂಡಿನ ಸ್ವಾತಂತ್ರ್ಯವೂ ಅಲ್ಲ. ಅದರ ಹಿಂದಿನ ಕಾವಲು ಇಲ್ಲಿಲ್ಲ. ಹಸಿಯಾಗಿ ಮಾರಲಿ, ಆದರೆ ಹಸಿಯಾಗಿ ಕುಡಿಯಿರೆಂದು ಹೇಳಿ ಮಾರಕೂಡದು. ಸೀಸೆಯಲ್ಲಿಯೋ ಚೀಲದಲ್ಲಿಯೋ ತುಂಬಿ ಮಾರುವವರು ಜರ್ಮನಿಯ ಫಲಕದಂತೆ, ಕಾಯಿಸಿಯೇ ಕುಡಿಯತಕ್ಕುದೆಂದು ದಪ್ಪಕ್ಷರಗಳಲ್ಲಿ ಕನ್ನಡದಲ್ಲಿಯೇ ಬರೆಯಬೇಕು. ಕೊಳ್ಳುವವರ ಹೆಸರುಗಳ ಪಟ್ಟಿಯನ್ನು ಇಡುವುದು ವರ್ತನೆಯವನಿಗೆ ಹೊಸದಲ್ಲ. ಲೆಕ್ಕಕ್ಕಾಗಿ ಅದನ್ನು ಈಗಲೂ ಇಡುತ್ತಾನೆ.

ಶ್ರೀಮಠದ ಪಾಕಶಾಲೆಗೂ ಪ್ರಸಾದನಿಲಯಕ್ಕೂ ಹಲವು ಮನೆಗಳ ಹಾಲು ಬಂದು ಒಂದೇ ಕೊಪ್ಪರಿಗೆಯಲ್ಲಿ ಕೂಡುವುದು. ಹತ್ತು ಆಕಳುಗಳಲ್ಲಿ ಒಂದರ ದೋಷವು ಕೊಪ್ಪರಿಗೆಯೆಲ್ಲವನ್ನೂ ವ್ಯಾಪಿಸುವುದರಿಂದ, ನೂರಾರು ವಿದ್ಯಾರ್ಥಿಗಳು ಉಣ್ಣುವಲ್ಲಿ ಹಾಲನ್ನು ಬಂದೊಡನೆಯೇ ಉಕ್ಕಿಬರುವಂತೆ ಕಾಯಿಸಿ, ಮುಚ್ಚಿ ಆರಿಸತಕ್ಕುದು. ಸಂಜೆ ಬಂದ ಹಸಿಹಾಲನ್ನು ಬೆಳಗಿನ ಕಾಯಿಸಿದ ಹಾಲಿಗೆ ಬೆರೆಸುವ ರೂಢಿಯು ಅನೇಕ ಮನೆಗಳಲ್ಲಿದೆ. ಬೆರೆಸಿದ ಮೇಲೆ ಎಲ್ಲವೂ ಹಸಿಹಾಲೇ. ಪಂಚಾಮೃತವನ್ನು ತೀರ್ಥವಾಗಿ ಬಸುರಿಯರಿಗೂ ಮಕ್ಕಳಿಗೂ ಕೊಡುವ ಕಡೆಗಳಲ್ಲಿ, ಕಾಯಿಸಿ ಆರಿಸಿದ ಹಾಲನ್ನೇ ಬಳಸುವುದಕ್ಕೆ ಹಿರಿಯರ ಅಪ್ಪಣೆಯನ್ನು ಪಡೆದುಕೊಳ್ಳುವುದು ಲೇಸು.

ಆಕಳು ಕಂದು ಹಾಕಿದರೆ ಅದನ್ನೂ ಮಾಸವನ್ನೂ ಬರಿಗೈಯಿಂದ ಎತ್ತಕೂಡದು; ಸುಣ್ಣ ಹಾಕಿ ಆಳವಾಗಿ ಹೂಳಬೇಕು; ದನದ ವೈದ್ಯರು ರಕ್ತವನ್ನು ಪರೀಕ್ಷಿಸಿ ಹೇಳುವ ಪರ್ಯಂತ ಆ ಆಕಳಿನ ಹಾಲನ್ನು ವರ್ತನೆಗೂ ದಾಸೋಹಕ್ಕೂ ಹಾಕದೆ ಬೇರೆಯೇ ಇಡಬೇಕು. ಕೇಂದ್ರ ಸರ್ಕಾರವು ೨೦೧೯ರ ಸೆಪ್ಟೆಂಬರಿನಲ್ಲಿ ಪ್ರಾರಂಭಿಸಿದ ಜಾನುವಾರು ರೋಗನಿಯಂತ್ರಣದ ಯೋಜನೆಯಲ್ಲಿ ಕಾಲುಬಾಯಿ ರೋಗದ ಜೊತೆಗೆ ಈ ಕಂದುರೋಗವೂ ಸೇರಿದೆ. ಇದರ ಲಸಿಕೆಯನ್ನು ನಾಲ್ಕು ತಿಂಗಳಿನಿಂದ ಎಂಟು ತಿಂಗಳಿನೊಳಗಣ ಹೆಣ್ಣುಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಾರಿ ಹಾಕುವರು. ಗಂಡುಕರುಗಳಿಗೂ ಗಬ್ಬವಾದ ಆಕಳಿಗೂ ಅದನ್ನು ಹಾಕುವಂತಿಲ್ಲ. ಎಂಟು ತಿಂಗಳು ಮೀರಿತೆಂದರೆ ಆ ಕರುವಿನ ಸರದಿಯು ತಪ್ಪಿಹೋಗುವುದರಿಂದ, ಕೊಟ್ಟಿಗೆಯಲ್ಲಿ ಹೆಣ್ಣುಕರು ಹುಟ್ಟಿದ ದಿನವನ್ನು ಗೋಡೆಯ ಮೇಲಾದರೂ ಬರೆದಿಟ್ಟು, ಊರಿನ ಪಶುವೈದ್ಯಶಾಲೆಗೆ ಮುಂಚಿತವಾಗಿ ತಿಳಿಸತಕ್ಕುದು.